ಖಾಲಿ ಫೋಲ್ಡರ್‌ಗಳನ್ನು ಅಳಿಸುವ ಸುರಕ್ಷಿತ ಕ್ರಮ

ಕೇಳುಗರಿಗೆ ನಮಸ್ಕಾರ. ಕಾಲೇಜಿನ ಪ್ರಯೋಗಾಲಯದಲ್ಲೋ ಕಚೇರಿಯಲ್ಲೋ ಲಿನಕ್ಸ್ ಬಳಸುತ್ತಾ, ಟರ್ಮಿನಲ್‌ನಲ್ಲಿ ಈಗಷ್ಟೇ ಕಮಾಂಡ್ ಬರೆಯಲು ಕಲಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಫೋಟೊಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿದ ಮೇಲೆ ಒಂದರೊಳಗೊಂದು ಸೇರಿಕೊಂಡ ಖಾಲಿ ಫೋಲ್ಡರ್‌ಗಳ ಸಾಲೇ ಉಳಿದುಬಿಡುತ್ತದೆ. ಅವನ್ನು ತೆಗೆಯಲು ಅನೇಕರು ಬರೆಯುವುದು ಆರ್‌ಎಂ, ಹೈಫನ್, ಆರ್‌ಎಫ್ ಎಂಬ ಕಮಾಂಡನ್ನು. ದಯವಿಟ್ಟು ಹಾಗೆ ಮಾಡಬೇಡಿ. ಆ ಕಮಾಂಡ್ ಫೋಲ್ಡರ್ ಖಾಲಿಯಿದೆಯೇ ತುಂಬಿದೆಯೇ ಎಂದು ನೋಡುವುದಿಲ್ಲ, ನಿಮ್ಮನ್ನು ಕೇಳುವುದೂ ಇಲ್ಲ.

ಖಾಲಿ ಫೋಲ್ಡರಿಗೆಂದೇ ಇರುವ ಕಮಾಂಡ್ ಆರ್‌ಎಂಡಿರ್. ಆರ್, ಎಂ, ಡಿ, ಐ, ಆರ್ ಎಂಬ ಐದು ಅಕ್ಷರಗಳು. ಫೋಲ್ಡರ್ ಒಳಗೆ ಒಂದೇ ಒಂದು ಫೈಲ್ ಇದ್ದರೂ ಅದು ಅಳಿಸಲು ನಿರಾಕರಿಸುತ್ತದೆ. ಈ ನಿರಾಕರಣೆ ಬರುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಿಂದಲೇ. ನಾನು ಇಂದು ಹೇಳಬೇಕಾಗಿರುವುದು ಇಷ್ಟೇ: ನಿರಾಕರಿಸಬಲ್ಲ ಕಮಾಂಡನ್ನೇ ಬಳಸಿ.

ಇದರ ಮಹತ್ವ ತಿಳಿಯಲು 2011ರಲ್ಲಿ ನಡೆದ ಒಂದು ಘಟನೆಯನ್ನು ನೀವು ಕೇಳಲೇಬೇಕು. ಎನ್‌ವಿಡಿಯಾದ ಆಪ್ಟಿಮಸ್ ಎಂಬ, ಎರಡು ಗ್ರಾಫಿಕ್ಸ್ ಚಿಪ್‌ಗಳ ನಡುವೆ ಬದಲಾಯಿಸುವ ತಂತ್ರಜ್ಞಾನವಿರುವ ಲ್ಯಾಪ್‌ಟಾಪ್‌ಗಳು ಲಿನಕ್ಸ್‌ನಲ್ಲಿ ಸರಿಯಾಗಿ ಕೆಲಸ ಮಾಡಲಿ ಎಂದು ಬಂಬಲ್‌ಬೀ ಎಂಬ ಮುಕ್ತ ತಂತ್ರಾಂಶವೊಂದು ರೂಪುಗೊಂಡಿತ್ತು. ಅದನ್ನು ಸ್ಥಾಪಿಸುವ ಸ್ಕ್ರಿಪ್ಟ್‌ನಲ್ಲಿ, ಯುಎಸ್‌ಆರ್ ಎಂಬ ಫೋಲ್ಡರ್‌ನ ಬಹಳ ಒಳಗೆ ಇದ್ದ ಒಂದು ಸಣ್ಣ ಫೋಲ್ಡರನ್ನು ಅಳಿಸುವ ಸಾಲಿತ್ತು. ಆ ವಿಳಾಸದಲ್ಲಿ ಯುಎಸ್‌ಆರ್ ಎಂಬ ಮೂರು ಅಕ್ಷರಗಳಾದ ಮೇಲೆ, ಮುಂದಿನ ಓರೆಗೆರೆಗೆ ಮೊದಲು, ಒಂದು ಖಾಲಿ ಜಾಗ ಸೇರಿಕೊಂಡಿತು. ಸ್ಪೇಸ್ ಬಂದ ಕೂಡಲೇ ಒಂದು ವಿಳಾಸ ಎರಡಾಗುತ್ತದೆ. ಕಂಪ್ಯೂಟರ್ ಓದಿಕೊಂಡದ್ದು, ಮೊದಲು ಇಡೀ ಯುಎಸ್‌ಆರ್ ಅನ್ನು ಅಳಿಸು, ಅನಂತರ ಉಳಿದ ವಿಳಾಸವನ್ನು ಅಳಿಸು ಎಂದು. ಯುಎಸ್‌ಆರ್ ಎಂದರೆ ವ್ಯವಸ್ಥೆಯ ಬಹುಪಾಲು ತಂತ್ರಾಂಶಗಳು ನೆಲೆಸಿರುವ ಜಾಗ. ಸ್ಥಾಪನೆಯೋ ಏನನ್ನೂ ಅಳಿಸಬಲ್ಲ ರೂಟ್ ಎಂಬ ಸರ್ವಾಧಿಕಾರದಲ್ಲಿ ನಡೆಯುತ್ತಿತ್ತು. ಆರ್‌ಎಂ ಹೇಳಿದಷ್ಟನ್ನು ಮಾಡಿತು. ಇಂದಿನ ಆರ್‌ಎಂ ಕಮಾಂಡಿನಲ್ಲಿ ಮೂಲ ಡೈರೆಕ್ಟರಿಯನ್ನು, ಅಂದರೆ ಎಲ್ಲ ಫೋಲ್ಡರ್‌ಗಳಿಗೂ ಮೇಲಿನ ಫೋಲ್ಡರನ್ನು, ಕಾಯುವ ಒಂದು ತಡೆಯಿದೆ ಎಂದು ಕೆಲವರು ಸಮಾಧಾನ ಹೇಳುವುದುಂಟು, ಆದರೆ ಆ ತಡೆ ಕಾಯುವುದು ಮೂಲವೊಂದನ್ನೇ ಹೊರತು ಯುಎಸ್‌ಆರ್ ಅನ್ನಲ್ಲ. ಅದೇ ತಪ್ಪು ಸ್ಪೇಸ್ ಆರ್‌ಎಂಡಿರ್ ಕಮಾಂಡಿನಲ್ಲಿ ಬಿದ್ದಿದ್ದರೆ, 'ಡೈರೆಕ್ಟರಿ ಖಾಲಿಯಿಲ್ಲ' ಎಂಬ ಒಂದು ಸಾಲು ಮೂಡುತ್ತಿತ್ತು, ಒಂದು ಫೈಲೂ ಹೋಗುತ್ತಿರಲಿಲ್ಲ.

ನೂರಾರು ಫೋಲ್ಡರ್‌ಗಳಿದ್ದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಅದಕ್ಕೆ ಫೈಂಡ್ ಎಂಬ ಹುಡುಕುವ ಕಮಾಂಡ್ ಇದೆ. ಬರೆದುಕೊಳ್ಳಿ: ಫೈಂಡ್, ಒಂದು ಚುಕ್ಕೆ, ಹೈಫನ್ ಟೈಪ್, ಡಿ, ಹೈಫನ್ ಎಂಪ್ಟಿ. ಚುಕ್ಕೆ ಎಂದರೆ ನೀವೀಗ ಇರುವ ಫೋಲ್ಡರ್. ಇದು ಅದರೊಳಗಿನ ಖಾಲಿ ಫೋಲ್ಡರ್‌ಗಳ ಪಟ್ಟಿಯನ್ನಷ್ಟೇ ತೋರಿಸುತ್ತದೆ. ಪಟ್ಟಿಯನ್ನು ಓದಿ, ಓದದೆ ಮುಂದಕ್ಕೆ ಹೋಗಬೇಡಿ. ಅನಂತರ ಅದೇ ಸಾಲಿನ ಕೊನೆಗೆ ಹೈಫನ್ ಡಿಲೀಟ್ ಸೇರಿಸಿ. ಕೊನೆಗೆ ಎಂದೆ, ಮೊದಲಿಗಲ್ಲ. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆಯಾದ್ದರಿಂದ ಡಿಲೀಟ್ ಮೊದಲು ಬಂದರೆ ಖಾಲಿಯೋ ಅಲ್ಲವೋ ಎಂಬ ಪರೀಕ್ಷೆಗೆ ಮುಂಚೆಯೇ ಫೈಲುಗಳೆಲ್ಲ ಹೋಗಿರುತ್ತವೆ. ಸರಿಯಾಗಿ ಬರೆದಾಗ ಅದು ಅತ್ಯಂತ ಒಳಗಿನ ಫೋಲ್ಡರಿನಿಂದ ಮೇಲಕ್ಕೆ ಅಳಿಸುತ್ತಾ ಬರುತ್ತದೆ. ಒಳಗಿನದು ಹೋದಾಗ ಹೊರಗಿನದೂ ಖಾಲಿಯಾಗಿ ಅದೂ ಹೋಗುತ್ತದೆ. ಹೀಗಾಗಿ ನೀವು ಪಟ್ಟಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಫೋಲ್ಡರ್‌ಗಳು ಮಾಯವಾಗಬಹುದು. ಗಾಬರಿ ಬೇಡ, ತುಂಬಿದ ಫೋಲ್ಡರನ್ನು ಕರ್ನೆಲ್ ಇಲ್ಲಿಯೂ ನಿರಾಕರಿಸಿಯೇ ತೀರುತ್ತದೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಖಾಲಿಯಂತೆ ಕಾಣುವ ಫೋಲ್ಡರ್ ಅಳಿಯದಿದ್ದರೆ ಸಿಟ್ಟಿನಿಂದ ಆರ್‌ಎಂ ಕಡೆಗೆ ಓಡದೆ, ಎಲ್‌ಎಸ್, ಹೈಫನ್ ಎ ಎಂದು ಬರೆದು ನೋಡಿ. ಮ್ಯಾಕ್ ಬಿಟ್ಟುಹೋದ ಡಿಎಸ್ ಸ್ಟೋರ್‌ನಂಥ, ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್ ಅಲ್ಲಿರಬಹುದು. ಇನ್ನು ಕೆಲವು ಫೋಲ್ಡರ್‌ಗಳು ಖಾಲಿಯಾಗಿಯೇ ಇರಬೇಕಾದವು. ಪೆನ್‌ಡ್ರೈವ್ ಅಥವಾ ಬೇರೆ ಡಿಸ್ಕನ್ನು ಜೋಡಿಸಲೆಂದು ಮಾಡಿಟ್ಟ ಜಾಗಗಳು ಅಂಥವು. ಆದ್ದರಿಂದ ಈ ಹುಡುಕಾಟವನ್ನು ನಿಮ್ಮದೇ ಫೋಲ್ಡರ್‌ನೊಳಗಿಂದ, ರೂಟ್ ಅಧಿಕಾರ ಕೊಡುವ ಸೂಡೂ ಕಮಾಂಡ್ ಇಲ್ಲದೆ ಆರಂಭಿಸಿ. ನಮಸ್ಕಾರ.