ದಯವಿಟ್ಟು ತಿಕ್ಕಬೇಡಿ

ಕೇಳುಗರಿಗೆಲ್ಲ ಶರಣು. ಈ ಹೊತ್ತಿನಲ್ಲಿ ಕೆಲವರು ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೀರಿ, ಕೆಲವರು ಅಂಗಡಿ ಬಾಗಿಲು ಎಳೆಯುವ ಗಡಿಬಿಡಿಯಲ್ಲಿರುತ್ತೀರಿ. ಕೈಕೆಲಸ ನಿಲ್ಲಿಸಬೇಡಿ. ಕಿವಿ ಇತ್ತ ಇದ್ದರೆ ಸಾಕು.

ನಾನು ಬೆಳಗಾವಿಯವನು. ಮುಂಜಾನೆ ಬಸ್ಸು ಹತ್ತಿ ಇಲ್ಲಿಗೆ, ವಿಜಯಪುರದ ರೇಡಿಯೊ ಕೇಂದ್ರಕ್ಕೆ ಬಂದೆ. ತೊಡೆ ಮೇಲೆ ಒಂದು ಕೈಚೀಲ, ಅದರಲ್ಲಿ ಆರು ಖಾಲಿ ಬಿಯರ್ ಬಾಟ್ಲಿ. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಕಿಣಿಕಿಣಿ. ಕಂಡಕ್ಟರು ಎರಡು ಸಲ ಚೀಲ ನೋಡಿದರು, ಮೂರನೇ ಸಲ ನನ್ನ ಮುಖ ನೋಡಿದರು. ನಾನು ಕುಡಿಯುವವನಲ್ಲ, ನನ್ನದೇನಿದ್ದರೂ ಚಹಾ. ಆದರೆ ಬಿಯರ್ ಕಂಪನಿಗಳ ಹಳೇ ಸಾಮಾನು ಕೂಡಿಹಾಕುವುದು ನನ್ನ ಮೂವತ್ತು ವರ್ಷದ ಹುಚ್ಚು. ಬಾಟ್ಲಿ, ಅದರ ಮೇಲಿನ ಚೀಟಿ, ಮುಚ್ಚಳ, ತಗಡಿನ ತಟ್ಟೆ, ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆ, ಯಾವುದನ್ನೂ ಬಿಡುವುದಿಲ್ಲ.

ಇವತ್ತು ನಿಮಗೆ ಒಂದೇ ಮಾತು ಹೇಳುವುದಿದೆ. ಇಂಥ ಸಾಮಾನು ನಿಮ್ಮ ಅಟ್ಟದ ಮೇಲೆ ಸಿಕ್ಕರೆ ತಿಕ್ಕಬೇಡಿ. ಬೂದಿ ಬೇಡ, ಇಟ್ಟಂಗಿ ಪುಡಿ ಬೇಡ, ಹುಣಸೆಹಣ್ಣು ಬೇಡವೇ ಬೇಡ.

ಇದೆಂಥ ಹವ್ಯಾಸ ಅಂತ ನಗಬೇಡಿ. ಅಮೆರಿಕದಲ್ಲಿ ಬರೀ ಬಿಯರ್ ಡಬ್ಬಿ ಕೂಡಿಡುವವರು 1970ರಲ್ಲೇ ಸಂಘ ಕಟ್ಟಿಕೊಂಡರು. ಬಿಯರ್ ಡಬ್ಬಿ ಅಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1935ರ ಜನವರಿಯಲ್ಲಿ. ಅಷ್ಟು ಈಚಿನದಕ್ಕೇ ಅವರು ಅಷ್ಟು ಕಷ್ಟಪಡುತ್ತಾರೆ.

ನಮ್ಮಲ್ಲಿ ಇದೆಲ್ಲ ಎಲ್ಲಿಂದ ಬಂತು ಅಂತೀರಾ? ಬೆಳಗಾವಿಯ ಕ್ಯಾಂಪ್ ನೋಡಿದ್ದೀರಲ್ಲ, ಅದು ಬ್ರಿಟಿಷರ ದಂಡು ಇದ್ದ ಜಾಗ. ದಂಡು ಇದ್ದಲ್ಲಿ ಬಿಯರ್ ಇರಲೇಬೇಕು. ಮೊದಮೊದಲು ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಆಮೇಲೆ ಇಲ್ಲೇ ಕಾರ್ಖಾನೆಗಳು ಎದ್ದವು. ಹಿಮಾಲಯದ ಕಸೌಲಿಯಲ್ಲಿ ಎಡ್ವರ್ಡ್ ಡೈಯರ್ ಎಂಬಾತ ಒಂದನ್ನು ಶುರುಮಾಡಿದ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಜನರಲ್ ಡೈಯರ್ ಇದ್ದನಲ್ಲ, ಅವನ ಅಪ್ಪನೇ ಈತ. ನಮ್ಮ ದಕ್ಷಿಣದಲ್ಲಿ ಸ್ಕಾಟ್‌ಲೆಂಡಿನ ಥಾಮಸ್ ಲೀಶ್ಮನ್ 1915ರಲ್ಲಿ ಐದು ಕಾರ್ಖಾನೆ ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಐದಕ್ಕೂ ಅದಕ್ಕಿಂತ ಮೊದಲು ತಮ್ಮ ತಮ್ಮ ಚೀಟಿ, ತಮ್ಮ ತಮ್ಮ ಗುರುತು. ಅವು ಕಣ್ಣಿಗೆ ಬಿದ್ದರೆ ನನಗೆ ಅನ್ನ ನೀರು ಬೇಡ.

ಇನ್ನೊಂದು ಸಂಗತಿ. 1956ರ ನವೆಂಬರ್ ತನಕ ಬೆಳಗಾವಿ, ವಿಜಯಪುರ ಎರಡೂ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿ 1949ರ ಪಾನನಿಷೇಧ ಕಾಯ್ದೆ. ಬಿಯರ್ ಹೆಸರಿದ್ದ ತಟ್ಟೆ ಪಡಸಾಲೆಯಲ್ಲಿಟ್ಟು ಮೆರೆಯುವ ಕಾಲ ಅದಲ್ಲ. ಹಾಗಾಗಿ ಅವೆಲ್ಲ ಅಡುಗೆಮನೆ ಸೇರಿದವು, ದನದ ಕೊಟ್ಟಿಗೆ ಸೇರಿದವು. ನಾನು ಹುಡುಕುವುದೂ ಅಲ್ಲೇ.

ಬೈಲಹೊಂಗಲದ ಕಡೆ ಒಂದು ಹಳ್ಳಿ. ಗೆಳೆಯನ ಮಗನ ಲಗ್ನಕ್ಕೆ ಹೋಗಿದ್ದೆ. ನೀರು ಕುಡಿಯಲು ಪಕ್ಕದ ಮನೆಗೆ ಹೋದರೆ, ಹಿತ್ತಲ ಬಾಗಿಲಲ್ಲಿ ಒಬ್ಬ ಆಯಿ ಕೂತು ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಮಜ್ಜಿಗೆ ಗಡಿಗೆ. ಗಡಿಗೆ ಮೇಲೆ ಮುಚ್ಚಿದ್ದು ಒಂದು ದುಂಡನೆ ತಗಡಿನ ತಟ್ಟೆ. ಮಸಿ, ಜಿಡ್ಡು, ಅದರ ನಡುವೆ ಒಂದು ಕೆಂಪು ತ್ರಿಕೋನ!

ನನ್ನ ಎದೆ ಧಸಕ್ಕೆಂದಿತು. ಆ ಕೆಂಪು ತ್ರಿಕೋನ ಇಂಗ್ಲೆಂಡಿನ ಬಾಸ್ ಎಂಬ ಬಿಯರ್ ಕಂಪನಿಯದು. ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್ ಅದೇ, 1876ರ ಜನವರಿ 1ರಂದು. ಮೊದಲ ನಂಬರು ನಮಗೇ ಸಿಗಬೇಕು ಅಂತ ಕಂಪನಿಯ ಆಳೊಬ್ಬ ಹಿಂದಿನ ರಾತ್ರಿ ಕಚೇರಿ ಮೆಟ್ಟಿಲ ಮೇಲೇ ಮಲಗಿದ್ದನಂತೆ. ಅಂಥದ್ದು ಇಲ್ಲಿ ಮಜ್ಜಿಗೆ ಕಾಯುತ್ತಿದೆ!

"ಆಯಿ, ಇದು ಎಲ್ಲಿಂದ ಬಂತ್ರಿ?" ಅಂದೆ. "ನಮ್ಮ ಮಾವ ಕ್ಯಾಂಪಿನಾಗ ಸಾಹೇಬರ ಮೆಸ್ಸಿನ್ಯಾಗ ಇದ್ದ, ಅವ ತಂದಿದ್ದ" ಅಂದರು. ಕೊಡ್ತೀರಾ ಅಂತ ಕೇಳಿದೆ. "ಮಜ್ಜಿಗಿಗೆ ಏನ್ ಮುಚ್ಚಲಿ?" ಅಂದರು. ನ್ಯಾಯವಾದ ಪ್ರಶ್ನೆ. ಮುಂದಿನ ಸೋಮವಾರ ಹೊಸ ಸ್ಟೀಲಿನ ತಟ್ಟೆ ತರುತ್ತೇನೆ, ಜೊತೆಗೆ ದುಡ್ಡೂ ಕೊಡುತ್ತೇನೆ ಅಂತ ಮಾತಾಯಿತು. ವಾರವಿಡೀ ನನಗೆ ನಿದ್ದೆ ಇಲ್ಲ. ಗೋಡೆಯಲ್ಲಿ ಎಲ್ಲಿ ಮೊಳೆ ಹೊಡೆಯಬೇಕು ಅಂತ ಕೂಡ ಗುರುತು ಮಾಡಿಕೊಂಡೆ.

ಸೋಮವಾರ ಹೋದೆ. ಆಯಿ ನಗುನಗುತ್ತ ಒಳಗಿಂದ ತಂದರು. ಬೆಳ್ಳಿ ಹಂಗೆ ಥಳಥಳ! ತ್ರಿಕೋನವಿಲ್ಲ, ಅಕ್ಷರವಿಲ್ಲ, ಏನೂ ಇಲ್ಲ. "ಹೊಲಸ ಆಗಿತ್ತಲೋ ತಮ್ಮಾ. ಊರಿಂದ ಅಷ್ಟು ದೂರ ಬರ್ತೀ, ಹೊಲಸ ತಟ್ಟಿ ಹ್ಯಾಂಗ ಕೊಡೂದು? ಮೂರು ದಿನ ಇಟ್ಟಂಗಿ ಪುಡಿ ಹಚ್ಚಿ ತಿಕ್ಕೀನಿ ನೋಡು" ಅಂದರು. ಏನು ಹೇಳಲಿ? ದುಡ್ಡು ಕೊಟ್ಟೆ. ಸ್ಟೀಲಿನ ತಟ್ಟೆ ಕೊಟ್ಟೆ. ಮಜ್ಜಿಗೆ ಕುಡಿದೆ. ಆ ತಟ್ಟೆ ಈಗಲೂ ಅದೇ ಮೊಳೆಗೆ ತೂಗಿದೆ. ನಮ್ಮ ಮನೆಯವರು ಅದರಲ್ಲೇ ಮುಖ ನೋಡಿ ಕುಂಕುಮ ಇಟ್ಟುಕೊಳ್ಳುತ್ತಾರೆ.

ತಗಡಿನ ಮೇಲಿನ ಚಿತ್ರ ಅಂದರೆ ಬರೀ ಬಣ್ಣ, ಮೇಲೊಂದು ತೆಳು ವಾರ್ನಿಷ್. ತಿಕ್ಕಿದರೆ ಮೊದಲು ವಾರ್ನಿಷ್ ಹೋಗುತ್ತದೆ, ಆಮೇಲೆ ಬಣ್ಣ, ಆಮೇಲೆ ತುಕ್ಕು. ಒಣ ಮೆತ್ತನೆ ಅರಿವೆಯಿಂದ ಧೂಳು ಒರೆಸಿ, ಒಣಗಿದ ಜಾಗದಲ್ಲಿಡಿ, ಅಷ್ಟೇ. ಮೋಡಕಾದವನಿಗೂ, ಅಂದರೆ ಗುಜರಿಯವನಿಗೂ, ತೂಕಕ್ಕೆ ಹಾಕಬೇಡಿ.

ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ, ಸಮಯ ಆಗುತ್ತಾ ಬಂತಂತೆ. ಹೇಳುವುದು ಬಹಳ ಇತ್ತು. ಬೇಗ ಬೇಗ ಹೇಳುತ್ತೇನೆ.

ಬಾಟ್ಲಿ ಸಿಕ್ಕರೆ ಪಕ್ಕದಲ್ಲಿ ಅಚ್ಚಿನ ಗೆರೆ ನೋಡಿ. ಗೆರೆ ಬಾಯಿಯ ಅಂಚಿನವರೆಗೂ ಹತ್ತಿದ್ದರೆ ಯಂತ್ರದ್ದು. ಕತ್ತಿನಲ್ಲೇ ನಿಂತಿದ್ದರೆ ಬಾಯಿ ಕೈಯಲ್ಲಿ ಮಾಡಿದ್ದು, ಅದು ಹಳೆಯದು. ಪೂರ್ತಿ ಯಂತ್ರವೇ ಬಾಟ್ಲಿ ಮಾಡತೊಡಗಿದ್ದು 1903ರ ಈಚೆಗೆ, ಅಮೆರಿಕದ ಓವೆನ್ಸ್ ಯಂತ್ರದಿಂದ. ಮುಚ್ಚಳ ಸಿಕ್ಕರೆ ಅದರ ಅಂಚಿನ ಹಲ್ಲು ಎಣಿಸಿ. ಈಗಿನದಕ್ಕೆ 21 ಹಲ್ಲು. ಈ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ 1892ರಲ್ಲಿ ಅದಕ್ಕೆ ಪೇಟೆಂಟ್ ಹಕ್ಕು ಪಡೆದಾಗ 24 ಇದ್ದವು. ಗೋಲಿ ಸೋಡಾ ಬಾಟ್ಲಿ ಒಡೆದು ಗೋಲಿ ತೆಗೆಯುವ ಹುಡುಗರಿಗೆ ಎರಡು ಮಾತು ಹೇಳುವುದಿತ್ತು, ಹೋಗಲಿ ಬಿಡಿ.

ಕೊನೆಗೆ ಚೀಟಿ. ಉಗುರಿನಿಂದ ಕೆರೆಯಬೇಡಿ. ಬಾಟ್ಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿ ಮುಳುಗಿಸಿಡಿ. ಹಳೇ ಅಂಟು ತಾನಾಗಿ ಬಿಡುತ್ತದೆ. ನೆರಳಿನಲ್ಲಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಇಸ್ತ್ರಿ ಹಾಕಬೇಡಿ. ಮತ್ತೆ, ಕೇಳಿಸಿತಲ್ಲ, ತಿಕ್ಕಬೇಡಿ. ನಮಸ್ಕಾರ.