ಆತಕೂರಿನ ಕಲ್ಲಿನ ಮುಂದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ರಸ್ತೆಯಿಂದಲಾದರೂ ನೋಡಿರುತ್ತೀರಿ. ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫೋರ್ ಅವರ ಪ್ರಯತ್ನದಿಂದ 1865ರಲ್ಲಿ ದಂಡು ಪ್ರದೇಶದಲ್ಲಿ ಆರಂಭವಾದ ಈ ಸಂಸ್ಥೆಗಾಗಿ ಈಗಿನ ಕಟ್ಟಡ ಸಿದ್ಧವಾದದ್ದು 1877ರಲ್ಲಿ. ಮೊದಲಿದ್ದ ಜಾಗದ ನೆನಪು ಮ್ಯೂಸಿಯಂ ರಸ್ತೆಯ ಹೆಸರಿನಲ್ಲಿ ಉಳಿದಿದೆ.

ಹೊಯ್ಸಳ ಶಿಲ್ಪಗಳು, ನಾಣ್ಯಗಳು, ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ವಸ್ತುಗಳು ಹೀಗೆ ಇಲ್ಲಿ ನೋಡುವುದು ಬಹಳಷ್ಟಿದೆ. ಎಲ್ಲವನ್ನೂ ಒಂದೇ ಉಸಿರಿಗೆ ನೋಡಿ ಮುಗಿಸುವುದಕ್ಕಿಂತ ಒಂದೇ ಒಂದು ಶಾಸನದ ಮುಂದೆ ನಿಧಾನವಾಗಿ ನಿಲ್ಲುವುದು ಮೇಲೆಂದು ನಾನು ನಂಬಿದ್ದೇನೆ. ನಾನು ಸೂಚಿಸುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದಿರಿಸಿದ ಕಲ್ಲನ್ನು.

ಅದರ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಚಿತ್ರವಿದೆ. ಸುತ್ತಲೂ ಹಳಗನ್ನಡದ ಅಕ್ಷರಗಳಿವೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಈ ಶಾಸನವೇ ತಿಳಿಸುತ್ತದೆ. ದಕ್ಷಿಣ ಭಾರತದ ಇತಿಹಾಸಕಾರರಿಗೆ ಇದು ಬೆಲೆಕಟ್ಟಲಾಗದ ಸಾಕ್ಷಿ. ಆದರೆ ಅದೇ ಕಲ್ಲು, ಅದೇ ಗೌರವದಿಂದ, ಕಾಳಿ ಎಂಬ ಬೇಟೆನಾಯಿಯ ಕಥೆಯನ್ನೂ ಹೇಳುತ್ತದೆ. ಆ ಯುದ್ಧದಲ್ಲಿ ಶೌರ್ಯ ಮೆರೆದ, ಬೂತುಗನ ಸೇವಕನಾದ ಮಣಲೆರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಕೇಳಿ ಪಡೆದದ್ದು ಕಾಳಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ದೇವಾಲಯವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದೂ ಬರೆಯಿಸಿದರು.

ಸಾವಿರ ವರ್ಷಗಳಿಗೂ ಹಿಂದೆ ಅರಸರ ಗೆಲುವಿನ ಪಕ್ಕದಲ್ಲೇ ಒಂದು ನಾಯಿಯ ಹೆಸರನ್ನು ಕೆತ್ತಿಸಿದ ಈ ನಾಡಿನ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಕ್ಷರಗಳು ಹಳೆಯವಾದ್ದರಿಂದ ಮೊದಲ ನೋಟಕ್ಕೆ ಓದಲು ಬಾರವು. ಹೊರಡುವ ಮೊದಲು ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಮಂಡ್ಯ ಭಾಗದಲ್ಲಿ ಅಚ್ಚಾಗಿರುವ ಪಾಠವನ್ನು ಬರೆದುಕೊಂಡು ಹೋಗಿ. ಮಕ್ಕಳು ಜೊತೆಯಲ್ಲಿದ್ದರೆ ಕಲ್ಲಿನ ಸಾಲುಗಳಲ್ಲಿ ಕಾಳಿಯ ಹೆಸರನ್ನು ಅವರೇ ಹುಡುಕಲಿ.