ಮನೆಗೆ ನುಗ್ಗಿದ ಕಳ್ಳನಿಗೆ ಹೊಡೆದರೆ ಕೇಸ್ ಯಾರ ಮೇಲೆ?

[ತೆರೆ: ಕತ್ತಲು. ಹಿಂಬಾಗಿಲು ಮೀಟುವ ಸದ್ದು.]

ರಾತ್ರಿ ಎರಡು ಗಂಟೆ. ಹಿಂಬಾಗಿಲು ಮೀಟಿ ಯಾರೋ ಒಳಗೆ ಬಂದಿದ್ದಾನೆ, ಕೈಯಲ್ಲಿ ಕಬ್ಬಿಣದ ರಾಡ್. ನಿಮಗೆ ಸಿಕ್ಕಿದ್ದು ಮಚ್ಚು. ಬೀಸಿದಿರಿ, ಅವನು ಸತ್ತ. ಜೈಲಿಗೆ ಹೋಗೋದು ನೀವಾ?

[ನಿರೂಪಕ]

ನಮಸ್ಕಾರ. "ನನ್ನ ಮನೆ, ಏನು ಬೇಕಾದರೂ ಮಾಡಬಹುದು" ಅನ್ನುವವರಿದ್ದಾರೆ. "ಕಳ್ಳನ ಮೈಮುಟ್ಟಿದರೂ ನಮಗೇ ಜೈಲು" ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಏಟು ಬಿದ್ದ ಆ ಗಳಿಗೆಯಲ್ಲಿ ಅಪಾಯ ಎಷ್ಟಿತ್ತು? ಕಾನೂನು ಮೊದಲು ನೋಡೋದೇ ಅದನ್ನು.

2024ರ ಜುಲೈ 1ರಿಂದ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯವು.

[ತೆರೆ: ಸೆಕ್ಷನ್ 41]

ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವಷ್ಟು ಹಕ್ಕು ಯಾವಾಗ? ಸುಲಿಗೆ ನಡೆಯುವಾಗ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಮನೆಗೆ ಕನ್ನ ಹಾಕಿದಾಗ. ವಾಸದ ಮನೆಗೆ ಬೆಂಕಿ ಇಡುವಾಗ. ಇಲ್ಲವೇ ಸುಮ್ಮನಿದ್ದರೆ ಜೀವ ಹೋಗುತ್ತದೆ, ದೊಡ್ಡ ಗಾಯವಾಗುತ್ತದೆ ಎಂಬ ಭಯಕ್ಕೆ ಕಾರಣ ಇದ್ದಾಗ.

ಕನ್ನ ಅಂದರೆ ಬರೀ ಗೋಡೆ ಕೊರೆಯುವುದಲ್ಲ. ಹೆಂಚು ತೆಗೆದು ಇಳಿದರೂ, ಬೀಗ ತೆಗೆದು ಬಂದರೂ ಕನ್ನವೇ. ಆದರೆ ಪಕ್ಕದ ಮನೆಯವನು ಕುಡಿದು, ತೆರೆದ ಬಾಗಿಲಲ್ಲಿ ಸುಮ್ನೆ ನಡೆದು ಬಂದರೆ? ಅದು ಅತಿಕ್ರಮ ಪ್ರವೇಶ ಅಷ್ಟೇ. ಅವನ ಮೇಲೆ ಮಚ್ಚು ಬೀಸಿದರೆ ನೀವು ಸಿಕ್ಕಿಬೀಳ್ತೀರಿ.

ಸೆಕ್ಷನ್ 37 ಇನ್ನೊಂದು ಗೆರೆ ಎಳೆಯುತ್ತದೆ: ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡಬಾರದು. ಹಾಗಂತ ಪ್ರಾಣಭಯದಲ್ಲಿರುವವನು ಏಟನ್ನು ತಕ್ಕಡಿಯಲ್ಲಿ ತೂಗಬೇಕು ಎಂದು ಕೋರ್ಟ್‌ಗಳು ಕೇಳುವುದಿಲ್ಲ. ಬಿದ್ದವನಿಗೆ ಮತ್ತೆ ಮತ್ತೆ ಹೊಡೆದರೆ ಮಾತು ಬೇರೆ. ಸದುದ್ದೇಶದಿಂದಲೇ ಮಿತಿ ಮೀರಿದ್ದರೆ ಕೊಲೆ ಕೇಸ್ ಆಗದೆ, ಕೊಲೆಯಲ್ಲದ ನರಹತ್ಯೆ ಆಗಬಹುದು. ಅದಕ್ಕೂ ಜೈಲಿದೆ.

ಈಗ ನಮ್ಮ ಹಳ್ಳಿಗಳಲ್ಲಿ ಮಾಮೂಲಿಯಾದ ಒಂದು ವಿಷಯ. ಕಾಂಪೌಂಡಿಗೆ, ಬೇಲಿಗೆ ಕರೆಂಟ್ ಬಿಡುವುದು.

[ತೆರೆ: ಬಾಗಿಲಿಗೆ ಅಡ್ಡವಾಗಿ ತಾಮ್ರದ ತಂತಿ, ಚಿತ್ರದಲ್ಲಿ]

1959ರಲ್ಲಿ ಬಿಹಾರದಲ್ಲಿ ನಡೆದದ್ದು. ಪಕ್ಕದ ಮನೆಯ ಪಾಯಿಖಾನೆಯ ಗೋಡೆ ಬಿದ್ದಿತ್ತು. ಆ ಮನೆಯವರು ಚೆರುಬಿನ್ ಗ್ರೆಗರಿ ಎಂಬವನ ಪಾಯಿಖಾನೆ ಬಳಸತೊಡಗಿದರು. ಬೈದರೂ ಬಿಡಲಿಲ್ಲ. ಅವನು ದಾರಿಗೆ ಅಡ್ಡವಾಗಿ ಬರಿ ತಾಮ್ರದ ತಂತಿ ಕಟ್ಟಿ, ಮನೆಯ ಕರೆಂಟ್ ಹರಿಸಿದ. ಬೋರ್ಡಿಲ್ಲ, ಎಚ್ಚರಿಕೆಯಿಲ್ಲ. ಒಳಗೆ ಹೋಗುವಾಗ ತಂತಿ ತಾಗದ ಹೆಂಗಸೊಬ್ಬರಿಗೆ ಹೊರಗೆ ಬರುವಾಗ ಕೈ ತಾಗಿತು. ಸತ್ತೇಹೋದರು. "ನನ್ನ ಜಾಗ, ಅವರು ಅತಿಕ್ರಮಿಸಿದ್ದು" ಎಂಬ ವಾದ ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಅವನಿಗೆ ಕೊಟ್ಟಿದ್ದ ಶಿಕ್ಷೆ ಖಾಯಂ ಆಯಿತು. ನನಗಂತೂ ತೀರ್ಪು ಸರಿ ಅನ್ನಿಸುತ್ತದೆ. ತಂತಿಗೆ ಕಳ್ಳ ಯಾರು, ಪೋಸ್ಟ್‌ಮ್ಯಾನ್ ಯಾರು ಅಂತ ಗೊತ್ತಾಗಲ್ಲ, ಅಲ್ವಾ?

ಇನ್ನು ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ನಿಮ್ಮದೇ. ಆದರೆ ಪೊಲೀಸರು ಅಪರಾಧ ಸಾಬೀತು ಮಾಡಬೇಕಾದಷ್ಟು ಗಟ್ಟಿಯಾಗಿ ಅಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕೋರ್ಟಿಗೆ ಅನ್ನಿಸಿದರೆ ಸಾಕು. ಬಾಗಿದ ಕಿಟಕಿ ಸರಳು, ಸಿಸಿಟಿವಿ ದೃಶ್ಯ, ನಿಮ್ಮ ಮೈಮೇಲಿನ ಗಾಯ, ಎಲ್ಲಾ ಲೆಕ್ಕಕ್ಕೆ ಬರುತ್ತವೆ.

ಕಳ್ಳ ಜೀವಂತ ಸಿಕ್ಕಿಬಿದ್ದನಾ? ಹಿಡಿದಿಟ್ಟುಕೊಳ್ಳಬಹುದು. ಕಂಬಕ್ಕೆ ಕಟ್ಟಿ ಊರವರೆಲ್ಲ ಒಂದೊಂದು ಬಿಟ್ಟರೆ ಆತ್ಮರಕ್ಷಣೆ ಮುಗಿದು ಹಲ್ಲೆ ಶುರುವಾಗುತ್ತದೆ. 112ಕ್ಕೆ ಫೋನ್ ಮಾಡಿ, ತಡಮಾಡದೆ ಪೊಲೀಸರಿಗೆ ಒಪ್ಪಿಸಿ. ಹಿಡಿದ ಮೇಲೆ ಹೆಚ್ಚೆಂದರೆ ಆರು ಗಂಟೆಯೊಳಗೆ, ಅಷ್ಟೇ.